ಅತ್ತೆಯ ಹಿಂದೆ ನಿಲ್ಲುವವರು

ನಡಿಗೆ ಕಲಿಸುವ ಕೇತಕಿ ಮೇಡಂ ಅವರಿಗೆ, ಮಾಲನ್‌ಳ ನಮಸ್ಕಾರ, ರಾಮಕೃಷ್ಣ ಹರಿ.

ಇವತ್ತು ಏಕಾದಶಿ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಅತ್ತೆಯವರಿಗೆ ಸಾಬೂದಾಣೆ ಖಿಚಡಿ ಕೊಟ್ಟು ಬರೆಯಲು ಕೂತಿದ್ದೇನೆ.

ನಿಮ್ಮ ಚಿಕಿತ್ಸೆಯಿಂದ ಅವರ ತಲೆಸುತ್ತು ಇಳಿದಿದೆ. ಇಲ್ಲವೆಂದರೆ ವಿಠೋಬ ಮೆಚ್ಚುವುದಿಲ್ಲ. ಅವರು ಮೊದಲ ಸಲ ಬಿದ್ದಾಗಿನಿಂದ ರಟ್ಟೆ ಹಿಡಿದು ತುಳಸಿಕಟ್ಟೆ ಸುತ್ತಿಸಿದವಳು ನಾನು. ನೀವು ಬಂದು, "ಕೈ ಬಿಡಿ ಅಕ್ಕಾ, ನೀವು ಹಿಡಿದಷ್ಟೂ ಅವರ ಕಾಲು ಸೋಮಾರಿಯಾಗುತ್ತೆ" ಅಂದಿರಿ. ಬಿಟ್ಟೆ. ಈಗ ನೀವು ಹೇಳಿಕೊಟ್ಟ ಹಾಗೆ ಕತ್ತು ಅತ್ತಿತ್ತ ತಿರುಗಿಸುತ್ತಾ ಒಬ್ಬರೇ ಸುತ್ತುತ್ತಾರೆ, ಆದರೆ ಹಿಂದೆ ನೀವು ನಿಂತಿದ್ದರೆ ಮಾತ್ರ. ನಾನು ನಿಂತರೆ, "ನೀನು ಅತ್ಲಾಗೆ ಸರ್ಕೊಳ್ಳೇ, ಜೋಳದ ಚೀಲ ಹಿಡಿದ ಹಾಗೆ ಹಿಡೀತೀಯ. ಕೇತಕಿ ಬರಲಿ" ಅನ್ನುತ್ತಾರೆ. ಪಕ್ಕದ ಮನೆ ಹೌಸಾಬಾಯಿ ಕೇಳಿ ನಕ್ಕಳು: "ಮಾಲನ್, ನಿನ್ನ ಕೆಲಸ ಹೋಯ್ತಲ್ಲೇ!"

ನೀವು ಬರುವ ದಿನ ಅತ್ತೆ ಹಸಿರು ಸೀರೆಯೇ ಬೇಕೆನ್ನುತ್ತಾರೆ. ಉಡಿಸುವವಳು ನಾನೇ.

ಒಂದು ಕೋರಿಕೆ. ಮುಂದಿನ ಸಲ ನೀವು ಜಗಲಿಯ ಮೇಲೆ ಕೂತು ಚಹಾ ಕುಡಿಯಿರಿ. ಅತ್ತೆಯ ಹಿಂದೆ ಎಷ್ಟು ದೂರ ನಿಲ್ಲಬೇಕು, ಯಾವಾಗ ಕೈ ಚಾಚಬೇಕು ಎಂದು ನನಗೆ ಹೇಳಿಕೊಡಿ. ಸುಮ್ಮಸುಮ್ಮನೆ ಮುಟ್ಟುವುದಿಲ್ಲ, ದೇವರಾಣೆ. ಆದರೆ ಬೀಳುವುದಾದರೆ ಅವರು ನನ್ನ ಮೈಮೇಲೇ ಬೀಳಲಿ.

ಆಗುತ್ತದೋ ಇಲ್ಲವೋ ಬರೆದಿಡಿ. ಈ ಪತ್ರ ತಂದ ನಮ್ಮ ಯಜಮಾನರು ನಾಳೆ ನಿಮ್ಮ ಕಡೆಯ ಡೇರಿಗೆ ಹಾಲು ಹಾಕಲು ಬಂದಾಗ ನಿಮ್ಮ ಉತ್ತರ ತೆಗೆದುಕೊಳ್ಳುತ್ತಾರೆ.

ಇಂತಿ,
ಮಾಲನ್