ತುಂಬಿದ ಗಾಡಿಯ ಎಡಬಾಗಿಲು

ದುಮ್ಮವಾಡ,
೧೧ ಏಪ್ರಿಲ್ ೧೯೭೫, ಶುಕ್ರವಾರ

ನನ್ನ ಪ್ರೀತಿಯ, ನನ್ನ ಅಗದಿ ಪ್ರೀತಿಯ ಮಡಿವಾಳೆಪ್ಪಾ,

ಹೆಸರು ಹಿಡಿದು ಬರೆದೆನೆಂದು ಬೆಚ್ಚಬೇಡ. ಕೋಣೆಯೊಳಗೆ ನೀನು, ಹೊರಗೆ ನೀವು ಎಂದು ನೀನೇ ಮಾಡಿದ ಕರಾರು, ಈ ಪತ್ರ ಕೋಣೆಯೊಳಗಿನದು. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಬಿಸಿಲು ಹತ್ತಿದರೆ ನಿನ್ನ ಮೂಗಿನಿಂದ ರಕ್ತ ಬರುತ್ತದೆಂದು ಅತ್ತೆ ಹೇಳಿದಾಗಿನಿಂದ ನನಗೆ ಅದೊಂದು ಹೊಸ ಚಿಂತೆ. ಸೊಲ್ಲಾಪುರದಲ್ಲಿ ತಲೆಗೆ ಟವೆಲ್ ಇಲ್ಲದೆ ಹೊರಬೀಳಬೇಡ, ನನ್ನಾಣೆ. ನಿನ್ನ ವಿಳಾಸ ಮಾಬುಸಾಬನಿಂದ ಸಿಕ್ಕಿತು. ನೀನು ಅವನಿಗೆ ಕಾರ್ಡು ಬರೆದೆ, ನನಗೆ ಬರೆಯಲಿಲ್ಲ. ಪಂಪು, ಇಂಜಿನ್ನು ಬಿಚ್ಚುವ ಮುದುಕನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಡತಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ, ಆದರೆ ನಾನು ಕ್ಷೇಮವಿಲ್ಲ. ಮದುವೆಯಾಗಿ ಅರವತ್ತೆಂಟು ದಿನ. ಮೂವತ್ತೊಂಬತ್ತು ದಿನ ನೀನಿದ್ದೆ, ಇಪ್ಪತ್ತೊಂಬತ್ತು ದಿನ ಇಲ್ಲ. ಕಾನ್ವೆಂಟಿನಲ್ಲಿ ಗಣಿತದ ಸಿಸ್ಟರ್ ನನ್ನನ್ನು ಕಂಡರೆ ಶಿಲುಬೆ ಹಿಡಿದುಕೊಳ್ಳುತ್ತಿದ್ದರು, ಈಗ ನೋಡಿದರೆ ನಾನು ದಿನವಿಡೀ ಕೂಡಿಸುವುದು ಕಳೆಯುವುದು ಅದನ್ನೇ ಮಾಡುತ್ತೇನೆ.

ಅತ್ತೆ ಆರಾಮಿದ್ದಾರೆ, ಇದನ್ನು ಮೊದಲು ಬರೆಯಬೇಕಿತ್ತು. ಪ್ಲಾಸ್ಟರಿನ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು ಪಡಸಾಲೆಯಿಂದಲೇ ಇಡೀ ಮನೆಯನ್ನು ನಡೆಸುತ್ತಾರೆ. ನನ್ನ ರೊಟ್ಟಿ ಈಗ ದುಂಡಗೆ ಬರುತ್ತದೆ, ಅದೂ ಅವರ ಬೈಗುಳದ ಪುಣ್ಯ. ನಿನ್ನ ಮೇಲೆ ಅವರಿಗೆ ಸಿಟ್ಟಿದೆ, ಆದರೆ ನೀನು ಅಂದುಕೊಂಡ ಕಾರಣಕ್ಕಲ್ಲ. ನೀನು ಪಿಕಪ್ ಗಾಡಿಯ ಸ್ಟೀರಿಂಗಿಗೆ ಸಿಕ್ಕಿಸಿ ಹೋದ ಚೀಟಿಯನ್ನು ನಾನು ಓದಿ ಹೇಳಿದೆ: ಅವ್ವನ ಕಾಲು ಮುರಿದ ಕೈ ಇವು, ಗಾಡಿ ಮಾರಿಬಿಡ್ರಿ, ನನ್ನ ಹುಡುಕಬ್ಯಾಡ್ರಿ. ಅವರು, “ಬಿದ್ದಾಕಿ ನಾನು, ಓಡಿ ಹೋದಾಂವ ಅಂವಾ” ಎಂದರು. ಅಷ್ಟೇ. ಮತ್ತೆ ಆ ಮಾತು ತೆಗೆದಿಲ್ಲ.

ಈಗ ನಾನು ಹೇಳುವುದನ್ನು ನಿಧಾನವಾಗಿ ಓದು, ನಡುವೆ ಹಾರಿಸಬೇಡ. ಆ ಸೋಮವಾರ ದೇವಿಕೊಪ್ಪಕ್ಕೆ ಬಸುರಿಯ ಕುಬಸದ ಕಾರ್ಯಕ್ಕೆ ಹೊರಟಾಗ ಅತ್ತೆಯನ್ನು ಮುಂದೆ ಕೂಡಿಸಿ ಎಡಬಾಗಿಲು ಹಾಕಿದವನು ನೀನೇ. ಎತ್ತಿ ಬಡಿದೆ, ಮತ್ತೊಮ್ಮೆ ಬಡಿದೆ, ಟಕ್ ಎಂದಿತು, ಹೋಗಿ ಗಾಡಿ ಶುರುಮಾಡಿದೆ. ಕೆರೆಯ ತಿರುವಿನಲ್ಲಿ ಬಾಗಿಲು ತೆರೆದು ಅತ್ತೆ ಬಿದ್ದರು. ಅವರನ್ನು ಹುಬ್ಬಳ್ಳಿಗೆ ಮುಟ್ಟಿಸಿ, ಖಾಲಿ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, ನೀನು ಅದೇ ಬಾಗಿಲನ್ನು ಇಪ್ಪತ್ತು ಸಲ ತೆರೆದು ಹಾಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇಪ್ಪತ್ತು ಸಲವೂ ಅದು ಒಂದು ಬೆರಳಿಗೆ ಮುಚ್ಚಿತು. ಬಾಗಿಲು ಸರಿಯಿದೆ, ಹಾಗಾದರೆ ನಾನೇ ಸರಿಯಾಗಿ ಹಾಕಲಿಲ್ಲ, ಹೆಂಡತಿಯ ಕಡೆ ನೋಡಿ ನಗುತ್ತ ಮರೆತೆ ಎಂದು ನೀನು ತೀರ್ಮಾನಿಸಿದೆ. ಮೂರನೆಯ ದಿನ ಹೋಗಿಬಿಟ್ಟೆ. ಆ ಬಾಗಿಲು ಕೆಲವು ದಿನ ಬೆರಳಿಗೆ ಬರುತ್ತಿತ್ತು, ಕೆಲವು ದಿನ ಭುಜ ಕೊಟ್ಟು ನೂಕಿದರೂ ಬರುತ್ತಿರಲಿಲ್ಲ. ಮಿಲಿಟರಿ ಹರಾಜಿನಿಂದ ತಂದ ಮುದಿ ಗಾಡಿ, ಅದಕ್ಕೂ ಸಿಟ್ಟು ಸೆಡವು ಇರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು. ಅದರ ಸಿಟ್ಟು ಯಾವ ದಿನ, ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ನೀನು ಹೋದ ಮೇಲೆ ನಾನು ದಿನಾ ಹೋಗಿ ಆ ಬಾಗಿಲನ್ನು ತೆರೆಯುವುದು ಹಾಕುವುದು ಮಾಡುತ್ತಿದ್ದೆ. ಯಾಕೆಂದು ನನಗೇ ಗೊತ್ತಿಲ್ಲ, ನಿನ್ನ ಕೈ ತಾಗಿದ ಹಿಡಿಕೆ ಅದು ಅಂತಿರಬಹುದು. ಮಾವ ಎರಡು ದಿನ ನೋಡಿ ಮೂರನೆಯ ದಿನ, ಬಾಗಲಾ ಬಡದ ಬಡದ ಊರ ಎಬ್ಬಸ್ತೀಯೇನ ಬೇ ಎಂದರು. ಪ್ರತಿ ಸಲವೂ ಅದು ಸುಮ್ಮನೆ ಮುಚ್ಚಿಕೊಳ್ಳುತ್ತಿತ್ತು, ನಾನು ಮತ್ತೆ ತೆರೆಯುತ್ತಿದ್ದೆ. ಹೋದ ವಾರ ಮಾಡಿನ ಹಂಚು ಕೈಯಾಡಿಸುವವರು ಬಂದರು. ಅಟ್ಟದ ಕೆಳಗಿನ ಭತ್ತದ ಚೀಲಗಳನ್ನು ಎಲ್ಲಿಡುವುದು ಎಂದು ಮಾವ ಹದಿನಾಲ್ಕು ಚೀಲ ನಿನ್ನ ಪಿಕಪ್ಪಿನ ಹಿಂದೆ ಹೇರಿಸಿದರು. ಸಂಜೆ ನನ್ನ ಪಾಡಿಗೆ ನಾನು ಹೋಗಿ ಬಾಗಿಲು ಹಾಕಿದರೆ ಅದು ಹತ್ತಲಿಲ್ಲ. ಎತ್ತಿ ಹಾಕಿದೆ, ಇಲ್ಲ. ಸೊಂಟದಿಂದ ನೂಕಿದೆ, ಒಂದು ಟಕ್ ಎಂದು ನಿಂತಿತು, ಅಂಚು ಮಾತ್ರ ಎರಡು ಬೆರಳು ಹೊರಗೇ ಇತ್ತು. ನಾನು ಸೆರಗು ಸಿಕ್ಕಿಸಿ ಬೀದಿಯಲ್ಲಿ ಮಾಬುಸಾಬನ ಮನೆತನಕ ಓಡಿದೆ ಮಡಿವಾಳೆಪ್ಪಾ, ದುಮ್ಮವಾಡದ ಹೊಸ ಸೊಸೆ ಬರಿಗಾಲಲ್ಲಿ ಓಡಿದ್ದನ್ನು ಊರು ಇನ್ನೂ ಮಾತಾಡುತ್ತಿದೆ.

ಮಾಬುಸಾಬ ಬಂದು ಗಾಡಿಯ ಕೆಳಗೆ ತೂರಿಕೊಂಡ. ಬಹಳ ಹೊತ್ತು ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಹೊರಬಂದು, “ಬಾಗಲದ ತಪ್ಪಲ್ಲ ತಂಗೆವ್ವಾ, ಇದರ ನಡಾನ ಬಗ್ಗೇತಿ. ಖಾಲಿ ಇದ್ದಾಗ ನೆಟ್ಟಗ ನಿಲ್ಲತೈತಿ, ಭಾರ ಹೇರಿದ್ರ ಬಗ್ಗತೈತಿ. ನಾವು ಖಾಲಿ ಗಾಡಿ ನೋಡಿ ಮೋಸ ಹ್ವಾದ್ವಿ” ಎಂದ. ನನಗೆ ಅರ್ಥವಾಗುವಂತೆ ತೋರಿಸಿದ. ಮುಂದಿನ ಕ್ಯಾಬಿನ್ ಕೆಳಗೆ ನಾಲ್ಕು ರಬ್ಬರಿನ ದಿಂಡು ಇರುತ್ತವಂತೆ, ಎಡಗಡೆ ಹಿಂದಿನದು ಕೊಳೆತು ಪುಡಿಯಾಗಿತ್ತು. ಹಿಂದೆ ಭಾರ ಬಿದ್ದಾಗ ಕ್ಯಾಬಿನ್ ಆ ಮೂಲೆಗೆ ಕುಸಿದು, ಬಾಗಿಲು ಕೂಡುವ ಚೌಕಟ್ಟೇ ಸೊಟ್ಟಗಾಗುತ್ತದೆ. ಬಾಗಿಲು ತೂಗುವ ಬಿಜಾಗ್ರಿಯ ಮೊಳೆಗಳೂ ಸವೆದು ಬಾಗಿಲು ಜೋತುಬಿದ್ದಿತ್ತು. ಬೀಗದ ಕೊಂಡಿ ಎರಡು ಸಲ ಕಚ್ಚಬೇಕು. ಎರಡು ಟಕ್ ಕೇಳಿದರೆ ಮಾತ್ರ ಬಾಗಿಲು ಮುಚ್ಚಿತು ಎಂದರ್ಥ. ಭಾರ ಇದ್ದಾಗ ಎರಡನೆಯದು ಕಚ್ಚುವ ಜಾಗಕ್ಕೆ ಬರುವುದೇ ಇಲ್ಲ, ನೀನಲ್ಲ, ಭೀಮ ಬಂದು ಬಡಿದರೂ ಬರುವುದಿಲ್ಲ. ಆ ದಿನ ಹಿಂದೆ ಹನ್ನೊಂದು ಹೆಂಗಸರಿದ್ದೆವು. ಕೇಳಿದೆಯಾ? ನಿನ್ನ ಕೈ ತಪ್ಪು ಮಾಡಿಲ್ಲ.

ನಾಲ್ಕು ದಿನ ಕೆಲಸ ನಡೆಯಿತು. ಮಾಬುಸಾಬ ಹಳೆ ಟ್ರ್ಯಾಕ್ಟರ್ ಟಯರು ಕೊಯ್ದು ನಾಲ್ಕೂ ಕಡೆ ಹೊಸ ದಿಂಡು ಮಾಡಿದ, ಕಲಘಟಗಿಯಲ್ಲಿ ಲೇತಿಗೆ ಹಾಕಿಸಿ ಮೊಳೆ ತಂದ, ಬಾಗಿಲ ಕೆಳಗೆ ಜಾಕು ಕೊಟ್ಟು ಎತ್ತಿ ಕೂಡಿಸಿದ. ಕೊಂಡಿ ಕಚ್ಚುವ ಕಬ್ಬಿಣದ ಹಿಂದೆ ತಗಡಿನ ಚೂರು ಇಟ್ಟು ಅಕ್ಕಿಕಾಳಿನಷ್ಟು ಹೊರಗೆ ತಂದ. ನಾನು ಕಾಗದದ ಪಟ್ಟಿ ಹಿಡಿದು ನಿಲ್ಲುವ ಅಸಿಸ್ಟೆಂಟ್. ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯುವುದು, ಸುತ್ತಲೂ ಒಂದೇ ಬಿಗಿ ಇದೆಯೇ ನೋಡುವುದು. ಭತ್ತದ ಚೀಲದ ಮೇಲೆ ಅವನಿಗೆ ನಂಬಿಕೆ ಬರಲಿಲ್ಲ, ಚೀಲ ಅಲುಗಾಡುವುದಿಲ್ಲ, ಮಂದಿ ಬೇಕು ಎಂದ. ಆ ದಿನ ಬಂದಿದ್ದ ಹೆಂಗಸರನ್ನೇ ಕರೆದೆ. ಹೆದರುತ್ತಾರೆ ಅಂದುಕೊಂಡಿದ್ದೆ. ಬಾಜು ಮನೆಯ ಮಲ್ಲಕ್ಕ ಎಲ್ಲರಿಗಿಂತ ಮೊದಲು ಹತ್ತಿ, “ನನ್ನೊಬ್ಬಾಕಿನ್ನ ಕೂಡಿಸಿದ್ರ ಸಾಕಿತ್ತಲ್ಲೋ ಮಾಬು, ಉಳದಾರ್ನ ಯಾಕ ದಣಿಸ್ತಿ” ಎಂದಳು, ಗಾಡಿಯೆಲ್ಲ ನಕ್ಕಿತು. ಮಾಬುಸಾಬ ಹತ್ತೂ ಜನರನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಕುಣಿರಿ ಎಂದ. ಬಾಗಿಲು ಪ್ರತಿ ಸಲವೂ ಎರಡು ಟಕ್. ನಾನು ಅಲ್ಲೇ ಮಡ್ಗಾರ್ಡಿಗೆ ಒರಗಿ ಅತ್ತುಬಿಟ್ಟೆ. ಮಾಬುಸಾಬ ತಲೆಯ ವಸ್ತ್ರ ಬಿಚ್ಚಿ ಕೊಟ್ಟ, ಅದರ ತುಂಬ ಗ್ರೀಸು. ಮುಖ ತೊಳೆಯಲು ಅರ್ಧ ಗಂಟೆ ಬೇಕಾಯಿತು.

ಇಷ್ಟು ಓದಿ ನಿನಗೆ ಎದೆ ಹಗುರಾಗಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನದೊಂದು ಉಳಿದಿದೆ, ಅದನ್ನು ಯಾರಿಗೂ ಹೇಳಿಲ್ಲ. ಆ ದಿನ ನಾನು ಹಿಂದೆ ಎಡಮೂಲೆಯಲ್ಲಿ ಕೂತಿದ್ದೆ. ಊರು ದಾಟಿದೊಡನೆ ಬಾಗಿಲಿನ ಅಂಚು ಹೊರಗಿರುವುದು ಕಂಡಿತು. ಕೆರೆಯ ತಿರುವಿಗೆ ಇನ್ನೂ ಎಷ್ಟೋ ದೂರವಿತ್ತು. ನಿನಗೆ ನೆನಪಿದೆಯಲ್ಲ, ಮದುವೆಯ ಹೊಸ್ತಿಲಲ್ಲಿ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಹೇಳು ಎಂದರೆ ನನಗೆ ಒಂದೂ ಬಾರದೆ ಮಡಿವಾಳೆಪ್ಪ ಎಂದು ಒದರಿಬಿಟ್ಟೆ, ಸಾಲಿಯಲ್ಲಿ ಹಾಜರಿ ಕರೆದಂತಾಯಿತು ಎಂದು ಮಂದಿಯೆಲ್ಲ ನಕ್ಕರು. ಆ ರಾತ್ರಿ ಅತ್ತೆ ನನ್ನ ಕೈ ಹಿಡಿದು, ಗಂಡನ ಹೆಸರ ಹಂಗ ಬೀದ್ಯಾಗ ಒಗೀಬ್ಯಾಡವಾ ಎಂದಿದ್ದರು. ಆ ಹತ್ತು ಹೆಂಗಸರ ನಡುವೆ ನಾನು ಮತ್ತೊಮ್ಮೆ ನಗೆಪಾಟಲಾಗಲು ಹೆದರಿದೆ. ರೀ, ರೀ ಎಂದು ಕರೆದೆ. ಅವರೆಲ್ಲ ಸೋಬಾನೆ ಹಾಡುತ್ತಿದ್ದರು. ಹಿಂದೆ ಯಾರೋ ರೀ ಅಂದಂತಾಯಿತು, ಹಾಡಿನದೆಂದು ಬಿಟ್ಟೆ ಎಂದು ನೀನೇ ಆಸ್ಪತ್ರೆಯ ಪಡಸಾಲೆಯಲ್ಲಿ ಹೇಳಿದೆ, ನಾನು ನೆಲ ನೋಡುತ್ತ ನಿಂತೆ. ಹೆಸರು ಕರೆದಿದ್ದರೆ ನೀನು ಖಂಡಿತ ಬ್ರೇಕು ಒತ್ತುತ್ತಿದ್ದೆ. ಕೋಣೆಯೊಳಗೆ ಎಷ್ಟು ಸಲ ಕರೆದಿದ್ದೇನೆ, ಪಿಸುಗುಟ್ಟಿದರೂ ತಿರುಗುತ್ತಿದ್ದೆಯಲ್ಲ. ನೀನು ಹೊತ್ತುಕೊಂಡು ಹೋದದ್ದು ನನ್ನ ತಪ್ಪನ್ನು, ಅದು ಗೊತ್ತಿದ್ದೂ ಇಪ್ಪತ್ತೊಂಬತ್ತು ದಿನ ನಾನು ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದೆ.

ಇಂಗ್ಲಿಷ್ ಕಲಿತವಳನ್ನು ಕಟ್ಟಿಕೊಂಡು ತಿಂಗಳಲ್ಲೇ ಊರು ಬಿಟ್ಟ ಎಂದು ಮಂದಿ ಮಾತಾಡುತ್ತಾರೆ. ಹುಬ್ಬಳ್ಳಿಯಿಂದ ಅಪ್ಪನ ಪತ್ರ ಬಂದಿದೆ, ಬಂದು ಕರೆದುಕೊಂಡು ಹೋಗುತ್ತಾರಂತೆ. ಉತ್ತರ ಬರೆದಿಲ್ಲ. ಏನು ಬರೆಯಲಿ? ನನಗೆ ಈ ಮನೆ ಬೇಕು, ಬೈಯುವ ಅತ್ತೆ ಬೇಕು, ಗೊಣಗುವ ಮಾವ ಬೇಕು, ಆದರೆ ನೀನಿಲ್ಲದೆ ಇಲ್ಲಿ ನಾನು ಯಾರು? ಸಿಟ್ಟು ಬಂದಿದ್ದರೆ ಬಂದು ನನ್ನೆದುರೇ ಸಿಟ್ಟು ಮಾಡು. ಕ್ಷಮಿಸಬೇಕೆಂದು ಕೇಳುವುದಿಲ್ಲ. ಬಾ ಎಂದಷ್ಟೇ ಕೇಳುತ್ತೇನೆ.

ಮಾವನ ಆಶೀರ್ವಾದ, ಅವರು ಬಾಯಿಬಿಟ್ಟು ಹೇಳಿಲ್ಲ, ಆದರೆ ಪೋಸ್ಟಿನ ಲಕೋಟೆ ತಂದುಕೊಟ್ಟವರು ಅವರೇ. ಮಾಬುಸಾಬನ ಸಲಾಮು. ನನ್ನದು ಏನೆಂದು ಬರೆಯಲಿ, ಎಲ್ಲವೂ.

ನಿನ್ನವಳೇ ಆದ
ಗಂಗಾ
(ಅತ್ತೆ ಕರೆಯುವಂತೆ, ಶಿವಗಂಗವ್ವ)

ತಾ.ಕ.: ಟಪಾಲಿನವ ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ತಡೆಯಲಾಗದೆ ಅತ್ತೆಗೆ ಎಲ್ಲ ಹೇಳಿಬಿಟ್ಟೆ, ಹೆಸರು ಕರೆಯದೆ ಉಳಿದದ್ದನ್ನೂ. ಅವರು ನನ್ನನ್ನು ಬೈಯಲಿಲ್ಲ. ಆಮೇಲೆ ಮಾವನನ್ನು ಕರೆದರು. ಇಪ್ಪತ್ತೊಂದನೆಯ ತಾರೀಕು ಸೋಮವಾರ ಹುಬ್ಬಳ್ಳಿಯಲ್ಲಿ ಪ್ಲಾಸ್ಟರ್ ಕತ್ತರಿಸಬೇಕು, ಅದಕ್ಕೆ ಮಾವ ಬೇರೆಯವರ ಜೀಪು ಗೊತ್ತುಮಾಡಿದ್ದರು. ಅತ್ತೆ ಅದನ್ನು ಬೇಡವೆಂದುಬಿಟ್ಟರು. ಅದೇ ಗಾಡಿಯಲ್ಲಿ, ಅದೇ ಎಡಬಾಗಿಲ ಕಡೆ ಕೂಡುತ್ತಾರಂತೆ, ನೀನೇ ನಡೆಸಬೇಕಂತೆ, ನೀನು ಬರುವ ತನಕ ಪ್ಲಾಸ್ಟರ್ ಕಾಲಲ್ಲೇ ಇರಲಿ ಎನ್ನುತ್ತಾರೆ. ಅವರು ಮಾತು ತಿರುಗಿಸುವವರಲ್ಲ, ನಿನಗೆ ಗೊತ್ತು. ನನಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: “ನೀ ಹಿಂದ ಕುಂದರಬ್ಯಾಡ. ನಮ್ಮಿಬ್ಬರ ನಡುವ ಕುಂದ್ರು. ದಾರ್ಯಾಗ ಏನರ ಕಂಡ್ರ ಅವನ ಹೆಸರ ಹಿಡದ ಒದರು. ನಗೋ ಮಂದೀನ್ನ ನಾ ನೋಡ್ಕೋತೀನಿ.”