ಹಂಬಲಪತ್ರಕ್ಕೆ ಸಹಿ ಹಾಕುವ ಮೊದಲು

ಬೆಟಗೇರಿ ಕೆಳಪೇಟೆ
ಕ್ರಿ.ಶ. ೨೧೮೭, ಫೆಬ್ರವರಿ ೩೦

ಪ್ರೇಮಲತಾ ಆಯಿಯವರಿಗೆ ನಿಮ್ಮ ಮರಿಮಗಳ ಮರಿಮಗಳಾದ ನೀಲವ್ವ ಬಡಿಗೇರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ, ಆಗ ಊರೆಲ್ಲ ಮಲಗುತ್ತೇವೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅಂದರೆ ಸತ್ತವರಿಗೆ ಅವರು ಬದುಕಿದ್ದ ದಿನಕ್ಕೇ ತಲುಪಿಸುವ ಅಂಚೆ. ಒಂದು ಜನ್ಮಕ್ಕೆ ಒಂದೇ ಕಾಗದ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೀಗ ಮೂವತ್ತನಾಲ್ಕು, ನನಗೆ ನಲವತ್ತೊಂದು. ಆದರೂ ಆಯಿ ಎನ್ನಲೇಬೇಕು. ಸಿಟ್ಟನ್ನು ಮಾತ್ರ ಮುಚ್ಚಿಡಲಾರೆ.

ನಾವು ನೆಲದಡಿಯಲ್ಲಿ ಬದುಕುತ್ತೇವೆ. ಮೇಲೆ ಬೆಳಿಗ್ಗೆ ಒಂಬತ್ತಕ್ಕೇ ನೆಲ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಕೆಳಪೇಟೆಗೆ ತಂಪುಗಾಳಿ ತರುವ ಕೊಳವೆಗಳನ್ನು ಒರೆಸುವುದು, ಸೋರುವಲ್ಲಿ ಮೇಣ ಮೆತ್ತುವುದು ನನ್ನ ಉದ್ಯೋಗ. ಜೋಳದ ರೊಟ್ಟಿ ಇನ್ನೂ ಬಡಿಯುತ್ತೇವೆ, ಶೇಂಗಾ ಚಟ್ನಿಯೂ ಇದೆ, ಅಷ್ಟರ ಮಟ್ಟಿಗೆ ನೆಮ್ಮದಿಯಾಗಿರಿ. ಹೈಸ್ಕೂಲೂ ಇದೆ. ಇಲ್ಲದವರು ಮೇಷ್ಟ್ರುಗಳು. ಗೋಡೆಯೊಳಗಿಂದ ಅಚ್ಚಿನ ಅಕ್ಕೋರು ಪಾಠ ಹೇಳುತ್ತಾರೆ. ಅದೊಂದು ಹೆಣ್ಣುಧ್ವನಿ, ಅಷ್ಟೆ. ಕೆಮ್ಮುವುದಿಲ್ಲ, ಸಿಡುಕುವುದಿಲ್ಲ, ಯಾವ ಮಗುವಿನ ಹೆಸರನ್ನೂ ಮರೆಯುವುದಿಲ್ಲ. ಏನು ಕೇಳಿದರೂ "ಬಾಲ್ಯದಿಂದಲೂ ನನಗೆ ಈ ಪ್ರಶ್ನೆ ಬಹಳ ಇಷ್ಟ, ಮಗು" ಎಂದು ಶುರುಮಾಡಿ ಉತ್ತರ ಸುರಿಯುತ್ತದೆ. ಸಾವಿರ ಪ್ರಶ್ನೆಗೂ ಅದೇ ಪೀಠಿಕೆ. ಮಕ್ಕಳು ಬೇಸತ್ತು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾರೆ.

ಈ ಅಕ್ಕೋರನ್ನು ಎರಕ ಹೊಯ್ದದ್ದು ಯಾವುದರಿಂದ ಗೊತ್ತೇ? ನಿಮ್ಮ ಕಾಲದ ಶಾಲೆಗಳು ಜಾಲತಾಣಕ್ಕೆ ಹಾಕಿದ "ಶಿಕ್ಷಕರ ಪರಿಚಯ"ದಿಂದ. ಹುಟ್ಟೂರು, ಓದು, ಹವ್ಯಾಸ, ಈ ವೃತ್ತಿಗೆ ಬಂದ ಬಗೆ. ಸಾವಿರಾರು ಗುರುಗಳ ಬಾಳನ್ನು ಕೂಡಿಸಿದರೆ ಒಬ್ಬ ಒಳ್ಳೆಯ ಗುರು ಸಿಕ್ಕೇ ಸಿಗುತ್ತಾರೆಂದು ನಮ್ಮ ಹಿರಿಯರು ನಂಬಿದರು. ಪಾಪ, ಸ್ಟಾಫ್ ರೂಮಿನ ಸಂಪ್ರದಾಯ ಅವರಿಗೇನು ಗೊತ್ತು! ಹೆಡ್‌ಮಾಸ್ಟರು "ಸಂಜೆಯೊಳಗ ಬೇಕ್ರಿ" ಅಂದರೆ ಒಬ್ಬರು ಬರೆಯುವುದು, ಉಳಿದವರು ಹೆಸರು ಬದಲಿಸಿ ಕೊಡುವುದು. ಅದೇ ವಾಟ್ಸಾಪಿನಲ್ಲಿ ಪಕ್ಕದ ಶಾಲೆಗೆ ಹೋಗುವುದು, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ. ಮೀಸೆ ತಿರುವಿ ನಿಂತ ಪಿ.ಟಿ. ಮೇಷ್ಟ್ರ ಫೋಟೊದ ಕೆಳಗೂ "ಬಾಲ್ಯದಿಂದಲೂ ಶಿಕ್ಷಕಿಯಾಗುವ ಹಂಬಲ. ಹವ್ಯಾಸ: ಪುಸ್ತಕ ಓದುವುದು, ಕಸೂತಿ" ಎಂದಿದೆ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಮೊದಲ ಪ್ರತಿ ಯಾರದೆಂದು ಹುಡುಕಿದೆ. ನಿಮ್ಮದು, ಆಯಿ. ನಾಲ್ಕೂ ನಲವತ್ತರ ಬಸ್ಸು ತಪ್ಪುತ್ತದೆಂದು ಐದು ನಿಮಿಷದಲ್ಲಿ ಗೀಚಿ ಕೊಟ್ಟದ್ದು.

ಬಾಲ್ಯದಿಂದಲೂ ಹಂಬಲವಂತೆ! ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದ ಕಥೆಯೇ ಬೇರೆ. ನೀವು ಬಾಗಿಲು ಚೌಕಟ್ಟು ಮಾಡುವ ಬಡಿಗರ ಮಗಳು. ಗಣಿತದಲ್ಲಿ ಒಮ್ಮೆ ಡುಮ್ಕಿ ಹೊಡೆದವರು. ಸೂಜಿಗೆ ದಾರ ಪೋಣಿಸಲೂ ನಿಮಗೆ ಬರುತ್ತಿರಲಿಲ್ಲ. ಹುಚ್ಚಿದ್ದದ್ದು ಕುಸ್ತಿಯದು, ಅಪ್ಪನ ಹೆಗಲೇರಿ ನೋಡಿದ್ದು. ಆಗಬೇಕೆಂದಿದ್ದದ್ದು ಬಸ್ ಕಂಡಕ್ಟರ್. ಬಿ.ಎಸ್ಸಿ. ಮುಗಿಸಿ, ಕಂಡಕ್ಟರ್ ಆರ್ಡರ್ ಬರುವ ತನಕ ಮನೆಯಲ್ಲಿ ಕೂತು ಏನು ಮಾಡುವುದೆಂದು ಹೈಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದಿರಿ. ಎರಡನೆಯ ವಾರ ಶಾವಂತ್ರಿ ಎಂಬ ಹುಡುಗಿ ಎದ್ದು, "ಅಕ್ಕೋರ, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗ್ತೈತ್ರಿ?" ಎಂದಳು. ನೀವು ಸೀಮೆಸುಣ್ಣ ಕೆಳಗಿಟ್ಟು, "ನನಗೂ ಗೊತ್ತಿಲ್ಲವಾ. ನಾಳಿ ಕೂಡಿ ನೋಡೂಣು" ಎಂದಿರಿ. ಮರುದಿನ ಇಡೀ ತರಗತಿಯನ್ನು ಬೇವಿನ ಮರದಡಿ ಕರೆದೊಯ್ದು, ಗೇಟಿಗೆ ಬೆನ್ನು ಮಾಡಿ ನಿಲ್ಲಿಸಿದಿರಿ. ತಿರುಗಿ ನಿಂತದ್ದು ಒಂದು ಮೈನಸ್, ಹಿಂದಕ್ಕೆ ಹೆಜ್ಜೆ ಇಡುವುದು ಇನ್ನೊಂದು. ಎರಡೂ ಸೇರಿದರೆ ಗೇಟಿನ ಕಡೆಗೇ ಹೋಗುತ್ತೇವೆ ಎಂದು ತೋರಿಸುತ್ತ, ಬೇರು ಎಡವಿ ದೊಪ್ಪೆಂದು ಬಿದ್ದಿರಿ. "ತಿಳೀತ್ರೀ ಅಕ್ಕೋರ, ಏಳ್ರಿ!" ಎಂದು ಶಾವಂತ್ರಿಯೇ ಕೈಹಿಡಿದು ಎಬ್ಬಿಸಿದಳು. ಆರ್ಡರ್ ಬಂದಾಗ ಅದನ್ನು ಜೋಳದ ಡಬ್ಬಿಯ ಕೆಳಗೆ ತುರುಕಿ ಬಿ.ಎಡ್.ಗೆ ಅರ್ಜಿ ಹಾಕಿದಿರಿ. ಇಂಥ ದಾರಿ ಹಿಡಿದು ಬಂದವರು ಕಸೂತಿ ಎಂದು ಬರೆದಿರಲ್ಲ, ನಾಚಿಕೆಯಾಗಲಿಲ್ಲವೇ?

ಕಳೆದ ವರ್ಷ ತಂಪುಗಾಳಿಯ ಕೊಳವೆ ಒಡೆದು, ಯಂತ್ರ ಕಾದು, ಅಚ್ಚಿನ ಅಕ್ಕೋರು ಹತ್ತೊಂಬತ್ತು ದಿನ ಮೂಕರಾದರು. ರಿಪೇರಿಗೆ ಹೋದವಳು ನಾನು. ಮೊದಲ ದಿನ ಮಕ್ಕಳು ಸುಮ್ಮನೆ ಗೋಡೆ ನೋಡುತ್ತ ಕೂತಿದ್ದರು. ಕೊನೆಗೆ ಗಂಗೂ ಎಂಬ ಹುಡುಗಿ, "ಬಿಸಿ ಗಾಳಿ ಮ್ಯಾಲೇ ಯಾಕ ಹೋಗ್ತೈತ್ರಿ?" ಎಂದಳು. ಇಪ್ಪತ್ತು ವರ್ಷ ಕೊಳವೆ ಒರೆಸಿದರೂ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಮಾತೇ ಬಾಯಿಗೆ ಬಂತು: "ಗೊತ್ತಿಲ್ಲವಾ. ನಾಳಿ ಕೂಡಿ ನೋಡೂಣು." ದೊಡ್ಡವರೊಬ್ಬರು ಗೊತ್ತಿಲ್ಲ ಎನ್ನುವುದನ್ನು ಆ ಮಕ್ಕಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಗಂಗೂ ಬಾಯಿ ತೆರೆದುಕೊಂಡು ನೋಡಿದಳು. ಮಾರನೆಯ ದಿನದಿಂದ ಪ್ರಶ್ನೆಗಳ ಸುರಿಮಳೆ, ರಿಪೇರಿಯ ನಡುವೆ ಎಲ್ಲಕ್ಕೂ ಕೂಡಿಯೇ ಉತ್ತರ ಹುಡುಕಿದೆವು. ಇಪ್ಪತ್ತನೆಯ ದಿನ ಗೋಡೆಗೆ ಮಾತು ಬಂತು, ನಾನು ಅಳುತ್ತ ಮನೆಗೆ ಹೋದೆ.

ಗೋಡೆಯ ಬದಲು ತಾವೇ ಪಾಠ ಹೇಳಬೇಕೆನ್ನುವ ಅಪರೂಪದವರನ್ನು ಪರೀಕ್ಷಿಸುವ ಕಚೇರಿಗೆ ನಮ್ಮಲ್ಲಿ ಒರೆಮನೆ ಎನ್ನುತ್ತಾರೆ. ಅಲ್ಲಿ ಹಂಬಲಪತ್ರ ಕೊಡಬೇಕು, ಬಾಲ್ಯದಿಂದಲೂ ಇದೇ ಆಸೆಯಿತ್ತೆಂದು ಆಣೆ ಮಾಡಿ ಬರೆದುಕೊಡುವ ಹಾಳೆ. ನಾನು ಹೋದಾಗ, ಎಂದಿನಿಂದ ಹಂಬಲ ಎಂದು ಕೇಳಿದರು. ಗೋಡೆ ಮೂಕವಾಗಿದ್ದ ಆ ಹತ್ತೊಂಬತ್ತು ದಿನದಿಂದ ಎಂದೆ. ಅಧಿಕಾರಿ ನಿಮ್ಮ ಪರಿಚಯವನ್ನೇ ತೆಗೆದು ಎದುರಿಗಿಟ್ಟ: "ನಿಮ್ಮ ಮನಿತನದ ಅಕ್ಕೋರು ಹೆಂಗಿದ್ರು ನೋಡ್ರಿ. ನಮಗ ಅಂಥವ್ರು ಬೇಕು." ನಿಮ್ಮದೇ ಸುಳ್ಳು ತೋರಿಸಿ ನನ್ನನ್ನು ಹೊರಗೆ ಹಾಕಿದರು.

ನಾಳೆ ಮತ್ತೊಮ್ಮೆ ಕರೆದಿದ್ದಾರೆ, ಇದೇ ಕೊನೆ. ಸಹಿ ಹಾಕಿದರೆ ಗಂಗೂಳ ತರಗತಿ ನನಗೆ ಸಿಗುತ್ತದೆ. ಇಲ್ಲದಿದ್ದರೆ ಅವರಿಗೆ ಗೋಡೆಯೇ ಗತಿ.

ಆಯಿ, ಈ ಕಾಗದ ನಿಮ್ಮ ಕೈ ಸೇರುವಾಗ ನೀವಿನ್ನೂ ಆ ಪರಿಚಯ ಬರೆದಿರುವುದಿಲ್ಲ. ಬರುವ ಶನಿವಾರ ಹೆಡ್‌ಮಾಸ್ಟರು ನಿಮ್ಮ ಕೈಗೆ ಪರಿಚಯದ ಹಾಳೆ ಕೊಡುತ್ತಾರೆ. ನಾಲ್ಕೂ ನಲವತ್ತರ ಬಸ್ಸು ಹೋದರೆ ಹೋಗಲಿ. ಕೂತು ಬರೆಯಿರಿ: ಡುಮ್ಕಿ, ಕುಸ್ತಿ, ಕಂಡಕ್ಟರ್, ಶಾವಂತ್ರಿಗೆ ಹೇಳಿದ ಗೊತ್ತಿಲ್ಲ, ಬೇವಿನ ಬೇರು. ಉಳಿದವರು ನಕಲು ಮಾಡಲು ಬಂದರೆ ಹಾಳೆ ಮುಚ್ಚಿಕೊಳ್ಳಿ.

ನಾಳೆ ಸಹಿಗೆ ಮೊದಲು ನಿಮ್ಮ ಪರಿಚಯವನ್ನು ಇನ್ನೊಮ್ಮೆ ತರಿಸಿ ನೋಡುತ್ತೇನೆ. ಅದರಲ್ಲಿ ಬೇವಿನ ಬೇರು ಇದ್ದರೆ ಅದನ್ನೇ ಅಧಿಕಾರಿಯ ಮುಂದಿಟ್ಟು ನನ್ನ ಹತ್ತೊಂಬತ್ತು ದಿನದ ಮಾತನ್ನೇ ಹೇಳುತ್ತೇನೆ. ಅದರಲ್ಲಿ ಕಸೂತಿಯೇ ಇದ್ದರೆ ನಾನೂ ನಿಮ್ಮ ಸಾಲನ್ನೇ ನಕಲು ಮಾಡುತ್ತೇನೆ, ಬೇರೆ ದಾರಿಯಿಲ್ಲ. ಮೊದಲ ದಿನವೇ ಗಂಗೂ ಕೇಳುತ್ತಾಳೆ, ಬಲು ಚುರುಕು ಹುಡುಗಿ: "ಅಕ್ಕೋರ, ನಿಮಗ ಯಾವಾಗಿಂದ ಅಕ್ಕೋರ ಆಗಬೇಕು ಅನಿಸಿತ್ರಿ?" ಆಗ ಅವಳ ಮುಖ ನೋಡುತ್ತ ನಾನು "ಬಾಲ್ಯದಿಂದಲೂ, ಮಗು" ಎನ್ನಬೇಕು.