ಎಂಟುನೂರನೆಯ ಪಟದ ಮುಂದಿನ ಸಾಲು

ಗಣಿಮೇಲಿನ ಹಾಸ್ಟೆಲ್,
ಕೋಲಾರದ ಹಳೆಯ ಚಿನ್ನದ ಗಣಿ
೩೦ ಫೆಬ್ರವರಿ ೨೨೧೪, ಬೆಳಿಗ್ಗೆ

ಪ್ರೀತಿಯ ಭಾಗ್ಯವಂತಿ ಅಕ್ಕ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ; ಪಂಚಾಂಗ ಸರಿಮಾಡಿದವರು ಯಾರೋ ಬೇರೆ ತಿಂಗಳುಗಳಿಂದ ಕಿತ್ತು ಇದಕ್ಕೆ ಕೊಟ್ಟಿದ್ದಾರೆ. ನನ್ನ ಮಾತುಗಳೂ ಹಾಗೆ ಅಲ್ಲಲ್ಲಿಂದ ಕಿತ್ತು ತಂದಂತೆ ಕಂಡರೆ ಕ್ಷಮಿಸಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು ನಾನು. ವಾರ್ಡನ್ ಜೊತೆ ಇಂಗ್ಲಿಷ್, ಮೆಸ್‌ನವರ ಜೊತೆ ಕನ್ನಡ, ಅಳುವಾಗ ಎರಡೂ ಅರ್ಧರ್ಧ. ನೀವು ಕ್ಷೇಮವೇ ಎಂದು ಕೇಳುವುದಕ್ಕೆ ನೂರ ಎಂಬತ್ತೆಂಟು ವರ್ಷ ತಡವಾಗಿದೆ. ಲೆಕ್ಕ ಹಾಕಿದರೆ ನೀವು ನನ್ನ ಅಜ್ಜಿಯ ಅಜ್ಜಿಗಿಂತ ಹಿರಿಯರು. ಆದರೆ ನಾನು ಓದುತ್ತಿರುವ ದಾಖಲೆಯಲ್ಲಿ ನಿಮಗಿನ್ನೂ ಇಪ್ಪತ್ತಾರು. ಹಾಸ್ಟೆಲ್ ನಿಯಮದ ಪ್ರಕಾರ ಅಕ್ಕ ಎಂದೇ ಕರೆಯಬೇಕು.

ನನ್ನ ಹೆಸರು ರೂತ್. ಮೊದಲ ವರ್ಷದ ವಿದ್ಯಾರ್ಥಿನಿ. ನೀವು ಮಾಡುತ್ತಿದ್ದ ಕೆಲಸವನ್ನೇ ನಾವೂ ಮಾಡುತ್ತಿದ್ದೇವೆ: ಪ್ರೋಟಾನಿನ ಒಳಗೆ ಏನು ನಡೆಯುತ್ತದೆ ಎಂದು ಲೆಕ್ಕ ಹಾಕುವುದು. ನಿಮಗೆ ಇದನ್ನು ವಿವರಿಸುವುದು ಅಧಿಕಪ್ರಸಂಗ. ಆದರೆ ಪತ್ರ ದಾರಿ ತಪ್ಪಿ ಇನ್ನೊಬ್ಬರ ಕೈಗೆ ಸಿಕ್ಕರೆ ಅವರಿಗೂ ತಿಳಿಯಲಿ. ಒಳಗೆ ಕ್ವಾರ್ಕ್‌ಗಳಿವೆ, ಅವುಗಳನ್ನು ಬಿಗಿದಿಡುವ ಗ್ಲುವಾನ್‌ಗಳಿವೆ, ಆ ಬಿಗಿತದ ಗೋಜಲು ಕಾಗದ ಪೆನ್ನಿಗೆ ಬಗ್ಗುವುದಿಲ್ಲ. ಅದಕ್ಕೇ ಜಾಗವನ್ನೂ ಕಾಲವನ್ನೂ ಕಿಟಕಿಯ ಸೊಳ್ಳೆ ಜಾಲರಿಯಂತೆ ಸಣ್ಣ ಚೌಕಗಳಾಗಿ ಮಾಡಿಕೊಂಡು, ಗಂಟುಗಳಲ್ಲಿ ಕ್ವಾರ್ಕ್, ಎಳೆಗಳಲ್ಲಿ ಗ್ಲುವಾನ್ ಕೂರಿಸಿ, ಯಂತ್ರದಿಂದ ಮತ್ತೆ ಮತ್ತೆ ಕುಲುಕಿಸುತ್ತೇವೆ. ಕುಲುಕಿ ನಿಲ್ಲಿಸಿದಾಗ ಸಿಗುವ ಒಂದೊಂದು ಚಿತ್ರವನ್ನು ನಾವು ‘ಪಟ’ ಎನ್ನುತ್ತೇವೆ. ದೊಡ್ಡ ಕಣ್ಣಿನದು, ನಡುವಿನದು, ಸಣ್ಣ ಕಣ್ಣಿನದು ಎಂದು ಮೂರು ಜಾಲರಿಗಳು ಬೇಕು. ಮೂರರ ಉತ್ತರ ಹೋಲಿಸಿ, ಜಾಲರಿಯೇ ಇಲ್ಲದಿದ್ದರೆ ಏನು ಬರುತ್ತಿತ್ತು ಎಂದು ಹೇಳಬೇಕು. ನಮ್ಮ ದೊಡ್ಡ ಕಣ್ಣಿನ ಜಾಲರಿ ನಿಮ್ಮದು, ಅಕ್ಕ. ನೀವು ಮಾಡಿಟ್ಟ ಎಂಟುನೂರು ಪಟಗಳು ಇವತ್ತಿಗೂ ಗಟ್ಟಿಯಾಗಿವೆ, ಮತ್ತೆ ಮಾಡುವ ಅಗತ್ಯವೇ ಬಿದ್ದಿಲ್ಲ.

ಪ್ರತಿ ಪಟದ ಮುಂದೆ ನೀವು ಒಂದು ಸಾಲು ಬರೆದಿಟ್ಟಿದ್ದೀರಿ. ಯಂತ್ರದ ಸ್ಥಿತಿ ಬರೆಯಬೇಕಾದ ಜಾಗ ಅದು. ನೀವು ಬರೆದದ್ದು ಇದು: ‘೨೦೩. ಕರೆಂಟ್ ಹೋತು. ಪ್ರೋಟಾನ್ ಹೊಟ್ಟ್ಯಾಗ ಏನದ ಅಂತ ನೋಡೋದ್ ಬಿಟ್ಟು ನನ್ನ ಹೊಟ್ಟ್ಯಾಗ ಏನೂ ಇಲ್ಲ ಅಂತ ನೋಡ್ಕೋತ ಕುಂತೀನಿ.’ ಇನ್ನೊಂದು: ‘೩೫೦. ಯಂತ್ರದ ಬೆನ್ನಿಗಿ ಬಿಸಿ ಗಾಳಿ ಬರ್ತದ. ಅವ್ವ ಕಳಿಸಿದ ಹಪ್ಪಳ ಮೆತ್ತಗಾಗಿದ್ವು, ಅಲ್ಲೇ ಒಣಗಿಸೀನಿ. ಗೈಡ್ ಸರ್ ನೋಡಿದ್ರು. ಎರಡು ತಿಂದು ಹೋದ್ರು.’ ಇದನ್ನು ಓದಿ ನಾನು ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ನಮ್ಮ ಯಂತ್ರಕ್ಕೆ ಬೆನ್ನೇ ಇಲ್ಲ. ಅದು ಗಣಿಯ ಆಳದಲ್ಲಿ ನೀರಿನೊಳಗೆ ಮುಳುಗಿ ಕೂತಿದೆ, ಸದ್ದಿಲ್ಲ. ಅದು ದುಡಿದು ಕಾಯಿಸಿದ ನೀರು ಕೊಳವೆ ಹತ್ತಿ ಹಾಸ್ಟೆಲ್ ಬಚ್ಚಲಿಗೆ ಬರುತ್ತದೆ. ಲೆಕ್ಕ ನಡೆಯುವ ಗಂಟೆಗಳಿಗೆ ‘ಬಿಸಿಪಾಳಿ’ ಎಂದು ಹೆಸರು. ಆಗ ಮಾತ್ರ ಸ್ನಾನ. ಅಂದರೆ ನಿಮ್ಮ ಪಟಗಳ ಬಿಸಿಯಲ್ಲೇ ನಾನು ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಆದರೂ ನಿಮ್ಮ ಫ್ಯಾನಿನ ಸದ್ದು, ಬಕೆಟ್ಟಿನ ಕ್ಯೂ, ಕಡಕ್ ರೊಟ್ಟಿ ಮುರಿಯುವ ಶಬ್ದ, ಕರೆಂಟ್ ಬಂದಾಗ ಇಡೀ ಹಾಸ್ಟೆಲ್ ಒಟ್ಟಿಗೆ ‘ಓ’ ಎಂದು ಕೂಗುತ್ತಿತ್ತಂತಲ್ಲ, ಅದು, ಇವೆಲ್ಲ ನಾನು ಬಾಳದೇ ಕಳೆದುಕೊಂಡ ವಸ್ತುಗಳಂತೆ ಕಾಡುತ್ತವೆ. ನಮ್ಮಲ್ಲಿ ಕರೆಂಟ್ ಹೋಗುವುದಿಲ್ಲ. ಹಾಗಾಗಿ ಬಂದ ಖುಷಿಯೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ಟೆನ್ಷನ್‌ನಲ್ಲಿ ಸುತ್ತಿ ಬಳಸಿ ಬರೆಯುತ್ತಿದ್ದೇನೆ. ನಮ್ಮಲ್ಲಿ ‘ಮುಸುಕು’ ಎಂಬ ಪದ್ಧತಿ ಇದೆ. ಲೆಕ್ಕ ಶುರುವಾಗುವ ಮೊದಲು ಗುಂಪಿನ ಹೊಸಬಳು ಒಂದು ಸಂಖ್ಯೆ ಆರಿಸಿ ಯಾರಿಗೂ ತೋರಿಸದೆ ಯಂತ್ರಕ್ಕೆ ಕೊಡಬೇಕು. ಯಂತ್ರ ಅದನ್ನು ಮತ್ತೆ ತೋರಿಸುವುದಿಲ್ಲ, ಅವಳೇ ನೆನಪಿಡಬೇಕು. ಬರುವ ಉತ್ತರಗಳೆಲ್ಲ ಅದರಿಂದ ಗುಣಿಸಿಕೊಂಡು, ಸ್ವಲ್ಪ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತವೆ. ನಿಜವಾದ ಉತ್ತರ ಕಾಣದಿದ್ದರೆ, ಬೇಕಾದ ಕಡೆಗೆ ಅದನ್ನು ನೂಕುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಎಲ್ಲ ಪರೀಕ್ಷೆಗಳು ಮುಗಿದ ಮೇಲೆ ಒಂದು ದಿನ ಗೊತ್ತುಮಾಡಿ, ಶಾವಿಗೆ ಪಾಯಸ ಮಾಡಿಸಿ, ಅವಳ ಬಾಯಿಂದ ಸಂಖ್ಯೆ ಕೇಳಿ, ಅದರಿಂದ ಭಾಗಿಸಿ ಮುಸುಕು ತೆಗೆಯುತ್ತಾರೆ. ಅಲ್ಲಿಯವರೆಗೆ ಆ ಹೊಸಬಳು ಲೆಕ್ಕ ಮುಟ್ಟುವಂತಿಲ್ಲ, ಹಳೆಯ ದಾಖಲೆಗಳನ್ನು ಜೋಡಿಸಬೇಕು, ಸಂಖ್ಯೆಯನ್ನು ಬದುಕಿರುವ ಯಾರಿಗೂ ಹೇಳಬಾರದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಕೊಟ್ಟ ಸಂಖ್ಯೆ ಒಂದು.

ಬೇಕೆಂದು ಮಾಡಿದ್ದಲ್ಲ ಅಕ್ಕ, ಹೆದರಿ ಮಾಡಿದ್ದು. ನಮ್ಮ ಗುಂಪಿನ ಮುಖ್ಯಸ್ಥೆ ಹಬೀಬಾ ಮೇಡಂ ಈ ಲೆಕ್ಕದ ಹಿಂದೆ ಆರು ವರ್ಷ ಕಳೆದಿದ್ದಾರೆ, ಇದು ಮುಗಿದ ಮೇಲೆ ನಿವೃತ್ತಿ. ನಾನೇನಾದರೂ ಸಂಖ್ಯೆ ಮರೆತರೆ, ತಪ್ಪಾಗಿ ಬರೆದುಕೊಂಡಿದ್ದರೆ, ಅವರ ಕೆಲಸವೆಲ್ಲ ಕೆಟ್ಟುಹೋಗುತ್ತದಲ್ಲ ಎಂದು ಒಂದನ್ನೇ ಒತ್ತಿದೆ. ಒಂದನ್ನು ಮರೆಯುವಂತಿಲ್ಲ. ಒಂದರಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲ ಎನ್ನುವುದು ಒತ್ತಿದ ಮೇಲೆ ಹೊಳೆಯಿತು, ಒತ್ತಿದ್ದನ್ನು ಹಿಂದೆ ತೆಗೆಯಲು ಆಗುವುದಿಲ್ಲ. ಹಾಗಾಗಿ ಐದು ತಿಂಗಳಿಂದ ಎಲ್ಲರೂ ನೋಡುತ್ತಿರುವುದು ಬರಿಯ ಮುಖವನ್ನೇ, ಮುಸುಕಿದೆ ಎಂದುಕೊಂಡು.

ಆ ಮುಖ ಯಾರೂ ಬಯಸಿದ್ದಲ್ಲ. ಪ್ರೋಟಾನಿನ ತಿರುಗುವಿಕೆಯಲ್ಲಿ ಗ್ಲುವಾನ್‌ಗಳ ಪಾಲು ಎಷ್ಟು ಎಂಬುದು ನಮ್ಮ ಪ್ರಶ್ನೆ. ಪ್ರಯೋಗದವರು ಅಳೆದು ಹೇಳಿದ್ದು ನೂರಕ್ಕೆ ನಲವತ್ತು. ನಮ್ಮ ಲೆಕ್ಕದಲ್ಲಿ ನಲವತ್ತಾರು, ತಪ್ಪಿದರೆ ಆಚೀಚೆ ಒಂದರಷ್ಟು. ಹಬೀಬಾ ಮೇಡಂ ಆ ನಲವತ್ತಾರನ್ನು ನೋಡಿ ಮುಗುಳ್ನಗುತ್ತಾರೆ, ಮುಸುಕು ತೆಗೆದರೆ ನಲವತ್ತಕ್ಕೆ ಇಳಿಯುತ್ತದೆ ಎಂಬ ಧೈರ್ಯದಿಂದ. ಸೀನಿಯರ್ ತಿಪ್ಪೇಶಣ್ಣ ಮೆಸ್‌ನಲ್ಲಿ ಎಲ್ಲರೆದುರು, ‘ಏನವ್ವಾ ರೂತು, ಎಷ್ಟುದ್ದ ಎಳ್ದಿದೀಯ ಮುಸುಕ? ನಲವತ್ತಾರಂತೆ! ಸಣ್ಣ ಹುಡುಗಿ, ಕೈ ಮಾತ್ರ ಭಾರೀ ಧಾರಾಳ’ ಎಂದು ರೇಗಿಸುತ್ತಾನೆ. ನಾನು ನಕ್ಕು ಅನ್ನ ಕಲಸುತ್ತೇನೆ.

ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ. ನಿಮ್ಮ ದಾಖಲೆಯನ್ನು ಇಷ್ಟು ಆಸೆಯಿಂದ ಓದಲು ಕುಳಿತದ್ದು ಪ್ರೀತಿಗಲ್ಲ. ನಿಮ್ಮ ತಪ್ಪು ಹುಡುಕಲು. ಕರೆಂಟ್ ಹೋದಾಗ ಒಂದು ಪಟ ಕೆಟ್ಟಿರಬಹುದು, ಎರಡು ಸಲ ಸೇರಿರಬಹುದು, ಅದು ಸಿಕ್ಕರೆ ನಲವತ್ತಾರು ಕರಗಿ ನಲವತ್ತಾದೀತು ಎಂದು. ಯಾವ ಆಸೆ ಹುಟ್ಟಬಾರದೆಂದು ಮುಸುಕು ಹಾಕುತ್ತಾರೋ ಅದು ನನ್ನೊಬ್ಬಳಲ್ಲಿ ಹುಟ್ಟಿತ್ತು. ಏಳುನೂರ ತೊಂಬತ್ತೊಂಬತ್ತು ಸಾಲು ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದು ಇದು: ‘೬೧೨. ಉತ್ತರ ಹೊಂದಂಗಿಲ್ಲ. ಮೂರು ಸಲ ನೋಡ್ದೆ. ಸರ್ ಮತ್ತ ನೋಡು ಅಂದ್ರು. ಹೊಂದಿದ್ರ ಮತ್ತ ನೋಡು ಅಂತಿದ್ರೇನ್ರಿ ಸರ್ ಅಂದೆ. ಹಪ್ಪಳ ಕೊಟ್ಟೆ, ತಗೊಳ್ಳಿಲ್ಲ.’

ಆ ಸಾಲನ್ನು ಓದಿ ದಾಖಲೆ ಮುಚ್ಚಿ, ಗಣಿಯ ಹಳೆಯ ಮಣ್ಣಿನ ದಿಬ್ಬದ ಮೇಲೆ ಹೋಗಿ ಕುಳಿತೆ. ನನ್ನ ಸಂಖ್ಯೆ ಒಂದು ಎಂದು ಮೊದಲೇ ಹೇಳಿದ್ದರೆ ನಮ್ಮ ಗುಂಪಿನವರೂ ನನ್ನ ಹಾಗೆಯೇ ನಲವತ್ತು ಬರುವವರೆಗೆ ಹುಡುಕುತ್ತಿದ್ದರು, ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಹೇಳದೇ ಇದ್ದುದರಿಂದ ಅವರ ಪರೀಕ್ಷೆಗಳೆಲ್ಲ ಪ್ರಾಮಾಣಿಕವಾಗಿ ಮುಗಿದಿವೆ. ನನ್ನ ಮುಸುಕು ಅವರನ್ನು ಕಾಯಿತು. ಕಾಯದೇ ಬಿಟ್ಟದ್ದು ನನ್ನೊಬ್ಬಳನ್ನು.

ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಮುಸುಕು ತೆಗೆಯುತ್ತಾರೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಬೀಬಾ ಮೇಡಂ ನನ್ನ ಮುಖ ನೋಡಿ, ‘ಏನಮ್ಮ, ಜ್ವರಾನ? ಏನಾದ್ರೂ ಹೇಳೋದಿದೆಯಾ?’ ಎಂದರು. ಹೊಸ ಸೀರೆ ಉಟ್ಟಿದ್ದರು. ‘ಪಾಯಸಕ್ಕೆ ದ್ರಾಕ್ಷಿ ಜಾಸ್ತಿ ಹಾಕಕ್ಕೆ ಹೇಳಿ ಮೇಡಂ’ ಎಂದೆ. ನಾಲ್ಕು ಗಂಟೆಗೆ ನಾನೇ ಎದ್ದು ನಿಂತು ಒಂದು ಎಂದು ಹೇಳುತ್ತೇನೆ, ಯಾಕೆ ಎಂದೂ ಹೇಳುತ್ತೇನೆ. ನಲವತ್ತಾರು ನಲವತ್ತಾರಾಗಿಯೇ ಉಳಿಯುತ್ತದೆ. ಆಮೇಲೆ ಮೇಡಂ ನನ್ನ ಕಡೆ ಹೇಗೆ ನೋಡುತ್ತಾರೋ ಗೊತ್ತಿಲ್ಲ, ಅವರು ಪಾಯಸ ಮುಟ್ಟುತ್ತಾರೋ ಇಲ್ಲವೋ ಗೊತ್ತಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂರುವುದೆಂದು ಮಾತ್ರ ನಿರ್ಧರಿಸಿದ್ದೇನೆ.

ಒಂದು ಕೋರಿಕೆ ಇದೆ, ಅಕ್ಕ. ಎಂಟುನೂರನೆಯ ಪಟದ ಮುಂದಿನ ಸಾಲನ್ನು ನಾನು ಓದಿಲ್ಲ. ಬೇಕೆಂದೇ ಬೆರಳು ಅಡ್ಡ ಇಟ್ಟುಕೊಂಡು ದಾಟಿದ್ದೇನೆ. ಈ ಪತ್ರ ನಿಮಗೆ ತಲುಪುವ ಹೊತ್ತಿಗೆ ನೀವಿನ್ನೂ ಅದನ್ನು ಬರೆದಿಲ್ಲದಿದ್ದರೆ, ದಯವಿಟ್ಟು ಯಂತ್ರದ ಸ್ಥಿತಿ ಬರೆಯಬೇಡಿ. ಉತ್ತರ ಹೊಂದದೇ ಹೋದ ದಿನ ಸಂಜೆ ನೀವು ಏನು ತಿಂದಿರಿ, ಯಾರ ಜೊತೆ ಕುಳಿತಿರಿ, ಅಷ್ಟು ಬರೆದಿಡಿ ಸಾಕು. ಐದು ಗಂಟೆಗೆ ತೆರೆದು ಮೇಡಂಗೆ ಓದಿ ಹೇಳುತ್ತೇನೆ.

ಬಿಸಿಪಾಳಿಯ ಗಂಟೆ ಹೊಡೆಯಿತು. ತಲೆಗೆ ನೀರು ಹಾಕಿಕೊಂಡು ಹೊರಡುತ್ತೇನೆ.

ನಿಮ್ಮ ಹಾಸ್ಟೆಲ್ ತಂಗಿ,
ರೂತ್